ಯಾರೂ ನಡೆಸದ ಜಾಲ ನಡೆಯುವುದು ಹೇಗೆ?

ಉಬುಂಟು ಲಿನಕ್ಸನ್ನು ಕಂಪ್ಯೂಟರಿಗೆ ಹಾಕಿಕೊಳ್ಳಬೇಕೆಂದರೆ ಮೊದಲು ಹಲವು ಗಿಗಾಬೈಟ್‌ನಷ್ಟು ದೊಡ್ಡ ಫೈಲೊಂದನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಅದಕ್ಕೆ ಎರಡು ದಾರಿಗಳಿವೆ. ಒಂದು, ಅವರ ಸರ್ವರ್‌ನಿಂದ ನೇರವಾಗಿ ಪಡೆಯುವುದು. ಇನ್ನೊಂದು, ಟೊರೆಂಟ್. ಎರಡನೆಯ ದಾರಿ ಹಿಡಿದಾಗ ಟೊರೆಂಟ್ ತಂತ್ರಾಂಶದಲ್ಲಿ 'ಪೀರ್ಸ್' ಎಂಬ ಪುಟವನ್ನು ತೆರೆದು ಸ್ವಲ್ಪ ಹೊತ್ತು ನೋಡಿ. ಬೇರೆ ಬೇರೆ ದೇಶಗಳ ಕಂಪ್ಯೂಟರುಗಳ ವಿಳಾಸಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ಸಾಲು ಮಾಯವಾಗುತ್ತದೆ, ಮತ್ತೊಂದು ಹೊಸದಾಗಿ ಬರುತ್ತದೆ. ಈಗಷ್ಟೇ ಸೆಕೆಂಡಿಗೆ ಮುನ್ನೂರು ಕಿಲೋಬೈಟ್ ಕೊಡುತ್ತಿದ್ದ ಕಂಪ್ಯೂಟರಿನ ವೇಗ ಸೊನ್ನೆಗೆ ಇಳಿಯುತ್ತದೆ. ಇಷ್ಟೆಲ್ಲ ಏರುಪೇರಿನ ನಡುವೆಯೂ ಫೈಲು ಒಂದಕ್ಷರ ಹೆಚ್ಚುಕಡಿಮೆಯಾಗದೆ ನಿಮಗೆ ಪೂರ್ತಿ ಸಿಗುತ್ತದೆ.

ಈ ಜಾಲವನ್ನು ನಡೆಸುತ್ತಿರುವವರು ಯಾರು? ಯಾರೂ ಇಲ್ಲ. ಎಲ್ಲವನ್ನೂ ಕಂಡು ಆಜ್ಞೆ ಕೊಡುವ ಕೇಂದ್ರ ಅಲ್ಲಿಲ್ಲ. ಜಾಲದಲ್ಲಿರುವ ಪ್ರತಿ ಕಂಪ್ಯೂಟರೂ ಏಕಕಾಲಕ್ಕೆ ಕೊಡುವುದೂ ಹೌದು, ಪಡೆಯುವುದೂ ಹೌದು. ಹೀಗೆ ಸಮಾನ ನೆಲೆಯಲ್ಲಿ ಸೇರಿಕೊಂಡ ಕಂಪ್ಯೂಟರುಗಳನ್ನು ಪೀರ್‌ಗಳೆಂದೂ ಅವುಗಳ ಜಾಲವನ್ನು ಪೀರ್-ಟು-ಪೀರ್ ಜಾಲವೆಂದೂ ಕರೆಯುತ್ತಾರೆ. ಪರಿಸ್ಥಿತಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುವಾಗ ಯಜಮಾನನೇ ಇಲ್ಲದ ಇಂಥ ಜಾಲ ತನ್ನನ್ನು ತಾನು ಹೇಗೆ ಸರಿಪಡಿಸಿಕೊಳ್ಳುತ್ತದೆ ಎಂಬುದು ಈ ಪಾಠದ ವಿಷಯ. ನೆಟ್‌ವರ್ಕಿಂಗ್ ಓದದವರಿಗೂ ಅರ್ಥವಾಗುವಂತೆ ಒಂದೊಂದೇ ಹೆಜ್ಜೆ ಇಡುತ್ತ ಹೋಗೋಣ.

ಬದಲಾಗುವುದು ಏನೇನು?

ಮೊದಲು ಸಮಸ್ಯೆಯನ್ನು ಸ್ಪಷ್ಟಮಾಡಿಕೊಳ್ಳೋಣ. ಕಂಪನಿಯ ಡೇಟಾ ಸೆಂಟರ್‌ನಲ್ಲಿರುವ ಸರ್ವರ್‌ಗೆ ಜನರೇಟರ್ ಇದೆ, ಎಸಿ ಇದೆ, ಹಗಲೂ ರಾತ್ರಿ ಕಾಯುವ ಇಂಜಿನಿಯರುಗಳಿದ್ದಾರೆ. ಪೀರ್ ಎಂದರೆ ಯಾರದೋ ಮನೆಯ ಲ್ಯಾಪ್‌ಟಾಪ್. ಕರೆಂಟು ಹೋದರೆ ಅದರ ರೂಟರ್ ಆಫ್ ಆಗುತ್ತದೆ. ಕೆಲಸ ಮುಗಿದರೆ ಮಾಲೀಕರು ಮುಚ್ಚಿಟ್ಟು ಎದ್ದುಹೋಗುತ್ತಾರೆ. ಹೋಗುವ ಮುನ್ನ ಅದು ಯಾರಿಗೂ ಹೇಳಿ ಹೋಗುವುದಿಲ್ಲ.

ಸದಸ್ಯರ ಈ ಹೋಗುಬರುವಿಕೆಯನ್ನು ತಂತ್ರಜ್ಞರು 'ಚರ್ನ್' ಎನ್ನುತ್ತಾರೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಆಗ ಜನಪ್ರಿಯವಾಗಿದ್ದ ನ್ಯಾಪ್‌ಸ್ಟರ್ ಮತ್ತು ನುಟೆಲ್ಲಾ ಜಾಲಗಳನ್ನು ಅಳೆದು ನೋಡಿದರು. ಒಮ್ಮೆ ಜಾಲಕ್ಕೆ ಬಂದವರಲ್ಲಿ ಅರ್ಧದಷ್ಟು ಮಂದಿ ಸುಮಾರು ಒಂದು ಗಂಟೆಯೊಳಗೆ ಹೊರಟುಹೋಗುತ್ತಿದ್ದರು. ಗಂಟೆಗೊಮ್ಮೆ ಅರ್ಧಕ್ಕರ್ಧ ಸಿಬ್ಬಂದಿ ಬದಲಾಗುವ ಸಂಸ್ಥೆಯೊಂದು ಕೆಲಸ ನಿಲ್ಲಿಸದೆ ನಡೆಯಬೇಕು ಎಂದರೆ ಎಷ್ಟು ಕಷ್ಟವೆಂದು ಯೋಚಿಸಿ.

ಹೋಗುಬರುವಿಕೆಯೊಂದೇ ಅಲ್ಲ. ಸಂಪರ್ಕದ ವೇಗ ಹೊತ್ತುಹೊತ್ತಿಗೆ ಏರಿಳಿಯುತ್ತದೆ. ಬೇಡಿಕೆಯೂ ಹಾಗೆಯೇ: ನಿನ್ನೆ ಹತ್ತು ಮಂದಿ ಕೇಳುತ್ತಿದ್ದ ಫೈಲನ್ನು ಹೊಸ ಆವೃತ್ತಿ ಬಿಡುಗಡೆಯಾದ ದಿನ ಸಾವಿರಾರು ಮಂದಿ ಕೇಳಬಹುದು. ಜೊತೆಗೆ ಬೇಕೆಂದೇ ಸುಳ್ಳು ಮಾಹಿತಿ ತುಂಬಿಸುವವರು, ಏನನ್ನೂ ಕೊಡದೆ ಪಡೆಯಲು ಮಾತ್ರ ಬರುವವರು ಇದ್ದೇ ಇರುತ್ತಾರೆ. ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲ ಜಾಲಗಳು ಕಲಿಸಿದ್ದು

1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಅಮೆರಿಕದ ತರುಣ ಶುರುಮಾಡಿದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಬಳಕೆದಾರರ ಕಂಪ್ಯೂಟರುಗಳಲ್ಲೇ ಇರುತ್ತಿದ್ದವು. ಯಾವ ಹಾಡು ಯಾರ ಬಳಿ ಇದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿತ್ತು. ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸೋತ ನ್ಯಾಪ್‌ಸ್ಟರ್ 2001ರ ಜುಲೈನಲ್ಲಿ ನಿಂತುಹೋಯಿತು. ಹಾಡುಗಳೆಲ್ಲ ಜನರ ಬಳಿಯೇ ಉಳಿದಿದ್ದವು. ಆದರೆ ಪಟ್ಟಿಯಿಲ್ಲದೆ ಯಾರಿಗೂ ಯಾರೂ ಸಿಗದಾದರು.

2000ದ ಮಾರ್ಚ್‌ನಲ್ಲಿ ಹೊರಬಂದ ನುಟೆಲ್ಲಾ ಆ ಕೇಂದ್ರವನ್ನೂ ತೆಗೆದುಹಾಕಿತು. ನಿಮಗೆ ಏನಾದರೂ ಬೇಕಿದ್ದರೆ ಪಕ್ಕದ ಪೀರ್‌ಗಳನ್ನು ಕೇಳುತ್ತೀರಿ. ಅವು ತಮ್ಮ ಪಕ್ಕದವರನ್ನು ಕೇಳುತ್ತವೆ, ಅವರು ಅವರ ಪಕ್ಕದವರನ್ನು. ಸಾಮಾನ್ಯವಾಗಿ ಏಳು ಜಿಗಿತಗಳವರೆಗೆ ಪ್ರಶ್ನೆ ಹೀಗೆ ಹರಡುತ್ತಿತ್ತು. ಸಣ್ಣ ಜಾಲದಲ್ಲಿ ಇದು ಚೆನ್ನಾಗಿಯೇ ನಡೆಯಿತು. ಆದರೆ ಆ ವರ್ಷದ ಜುಲೈ ಕೊನೆಯಲ್ಲಿ ನ್ಯಾಪ್‌ಸ್ಟರ್ ಮುಚ್ಚೀತೆಂಬ ಸುದ್ದಿಗೆ ಜನ ನುಟೆಲ್ಲಾ ಕಡೆಗೆ ನುಗ್ಗಿದರು. ಪ್ರಶ್ನೆಗಳ ಪ್ರವಾಹ ಎಷ್ಟು ಹೆಚ್ಚಿತೆಂದರೆ, ಡಯಲ್-ಅಪ್ ಮೋಡೆಮ್ ಬಳಸುತ್ತಿದ್ದವರ ಸಂಪರ್ಕವೆಲ್ಲ ಬೇರೆಯವರ ಪ್ರಶ್ನೆಗಳನ್ನು ದಾಟಿಸುವುದರಲ್ಲೇ ಮುಗಿದುಹೋಗುತ್ತಿತ್ತು. ಆ ನಿಧಾನದ ಪೀರ್‌ಗಳ ಬಳಿ ಜಾಲವೇ ಕಡಿದುಕೊಂಡಿತು.

ಆಮೇಲೆ ನುಟೆಲ್ಲಾ ಕಂಡುಕೊಂಡ ದಾರಿ ಈ ಕ್ಷೇತ್ರದ ಒಂದು ದೊಡ್ಡ ಹೊಂದಾಣಿಕೆ. ಒಳ್ಳೆಯ ಸಂಪರ್ಕವಿದ್ದು ಬಹಳ ಹೊತ್ತು ಆನ್ ಆಗಿರುವ ಪೀರ್‌ಗಳು ತಾವಾಗಿಯೇ 'ಅಲ್ಟ್ರಾಪೀರ್' ಎಂಬ ಜವಾಬ್ದಾರಿ ಹೊತ್ತುಕೊಳ್ಳುತ್ತವೆ. ನಿಧಾನದ ಪೀರ್‌ಗಳು ಅವುಗಳ ಆಶ್ರಯದಲ್ಲಿದ್ದು, ಪ್ರಶ್ನೆಗಳನ್ನು ಸಾಗಿಸುವ ಹೊರೆಯಿಂದ ಪಾರಾಗುತ್ತವೆ. ಎಲ್ಲರೂ ಸಮಾನರೆಂಬ ತತ್ವ ಹಾಗೆಯೇ ಇರುತ್ತದೆ, ಆದರೆ ಕೆಲಸ ಅವರವರ ಶಕ್ತಿಗೆ ತಕ್ಕಂತೆ ಹಂಚಿಕೆಯಾಗುತ್ತದೆ.

ಬಿಟ್‌ಟೊರೆಂಟ್: ಹತ್ತು ಸೆಕೆಂಡಿಗೊಮ್ಮೆ ಮರುಲೆಕ್ಕ

ಈಗ ಟೊರೆಂಟ್ ಪುಟಕ್ಕೆ ಹೋಗೋಣ. ಬ್ರ್ಯಾಮ್ ಕೋಹೆನ್ 2001ರಲ್ಲಿ ಬರೆದ ಬಿಟ್‌ಟೊರೆಂಟ್ ಫೈಲನ್ನು ತುಣುಕುಗಳಾಗಿ ಕತ್ತರಿಸುತ್ತದೆ. ಮೊದಲ ದಿನಗಳಲ್ಲಿ ಒಂದು ತುಣುಕು ಸಾಮಾನ್ಯವಾಗಿ 256 ಕಿಲೋಬೈಟ್ ಇರುತ್ತಿತ್ತು. ಆ ತುಣುಕನ್ನೂ 16 ಕಿಲೋಬೈಟ್‌ನ ಚೂರುಗಳಾಗಿ ಮಾಡಿ ಕೇಳಿ ಪಡೆಯಲಾಗುತ್ತದೆ. ಪ್ರತಿ ತುಣುಕಿಗೂ ಒಂದು ಹ್ಯಾಶ್, ಅಂದರೆ ಅದರ ಒಳಹೂರಣದಿಂದಲೇ ಲೆಕ್ಕಹಾಕಿ ತೆಗೆದ ಗುರುತಿನ ಸಂಖ್ಯೆ, ಟೊರೆಂಟ್ ಫೈಲಿನಲ್ಲಿ ಮೊದಲೇ ಬರೆದಿರುತ್ತದೆ. ತುಣುಕು ಪೂರ್ತಿ ಬಂದೊಡನೆ ನಿಮ್ಮ ಕಂಪ್ಯೂಟರ್ ಹ್ಯಾಶನ್ನು ತಾನೇ ಲೆಕ್ಕಹಾಕಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಅದನ್ನು ಎಸೆದು ಮತ್ತೆ ಕೇಳುತ್ತದೆ. ಕೊಟ್ಟವರು ಯಾರೆಂದು ಗೊತ್ತಿರಬೇಕಾಗಿಲ್ಲ, ನಂಬಬೇಕಾಗಿಯೂ ಇಲ್ಲ.

ಯಾವ ತುಣುಕನ್ನು ಮೊದಲು ಕೇಳಬೇಕು? ನಿಮ್ಮ ಸುತ್ತಲಿನ ಪೀರ್‌ಗಳಲ್ಲಿ ಅತಿ ಕಡಿಮೆ ಜನರ ಬಳಿ ಇರುವ ತುಣುಕನ್ನು. ಕಾರಣ ಸರಳ. ಒಂದು ತುಣುಕು ಒಬ್ಬರ ಬಳಿ ಮಾತ್ರ ಇದ್ದು, ಅವರು ಲ್ಯಾಪ್‌ಟಾಪ್ ಮುಚ್ಚಿ ಹೋದರೆ ಉಳಿದವರೆಲ್ಲರ ಫೈಲೂ ಅಲ್ಲೇ ನಿಲ್ಲುತ್ತದೆ. ಅಪರೂಪದ್ದನ್ನು ಎಲ್ಲರೂ ಮೊದಲು ಕೇಳಿದರೆ ಅದು ಬೇಗ ಹತ್ತಾರು ಕಡೆ ಹರಡಿ, ಅಪರೂಪವಾಗಿ ಉಳಿಯುವುದೇ ಇಲ್ಲ. ಯಾವುದು ಅಳಿವಿನ ಅಂಚಿನಲ್ಲಿದೆ ಎಂದು ಇಡೀ ಜಾಲವನ್ನು ಎಣಿಸಿ ಹೇಳುವವರು ಯಾರೂ ಇಲ್ಲ ಎಂಬುದನ್ನು ಗಮನಿಸಿ. ಪ್ರತಿಯೊಬ್ಬರೂ ತಮಗೆ ಕಾಣುವ ಕೆಲವು ಪೀರ್‌ಗಳನ್ನು ಮಾತ್ರ ನೋಡಿ ನಿರ್ಧರಿಸುತ್ತಾರೆ. ಆ ಸಣ್ಣ ನಿರ್ಧಾರಗಳು ಒಟ್ಟುಗೂಡಿ ಇಡೀ ಫೈಲನ್ನು ಕಾಯುತ್ತವೆ.

ಈ ನಿಯಮಕ್ಕೂ ಸಂದರ್ಭಕ್ಕೆ ತಕ್ಕ ವಿನಾಯಿತಿಗಳಿವೆ. ಈಗಷ್ಟೇ ಬಂದ ಪೀರ್ ಬಳಿ ಕೊಡಲು ಏನೂ ಇರುವುದಿಲ್ಲ. ಅದಕ್ಕೆ ಒಂದು ತುಣುಕು ಬೇಗ ಪೂರ್ತಿಯಾಗುವುದು ಮುಖ್ಯ. ಅಪರೂಪದ ತುಣುಕು ಒಂದೆರಡು ಕಡೆ ಮಾತ್ರ ಸಿಗುವುದರಿಂದ ನಿಧಾನವಾಗಿ ಬರುತ್ತದೆ. ಹಾಗಾಗಿ ಮೊದಲ ತುಣುಕನ್ನು ಯಾದೃಚ್ಛಿಕವಾಗಿ ಆರಿಸಿ, ಆಮೇಲೆ ಅಪರೂಪದ್ದರ ಕಡೆಗೆ ತಿರುಗುತ್ತದೆ. ಕೊನೆಯ ಹಂತದಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ: ಉಳಿದ ಕೆಲವೇ ಚೂರುಗಳು ನಿಧಾನದ ಪೀರ್ ಒಂದರ ಬಳಿ ಸಿಕ್ಕಿಕೊಂಡರೆ ಶೇಕಡಾ 99ಕ್ಕೆ ಬಂದು ನಿಂತುಬಿಡುತ್ತದೆ. ಆಗ ಉಳಿದ ಚೂರುಗಳನ್ನು ಎಲ್ಲರ ಬಳಿಯೂ ಕೇಳಿ, ಯಾರಿಂದ ಮೊದಲು ಬಂದರೆ ಅದನ್ನು ಇಟ್ಟುಕೊಂಡು ಮಿಕ್ಕವರಿಗೆ 'ಬೇಡ' ಎಂದು ತಿಳಿಸುತ್ತದೆ. ಇಷ್ಟು ದುಂದುಗಾರಿಕೆ ಇಡೀ ಹೊತ್ತು ನಡೆದರೆ ಜಾಲಕ್ಕೆ ಭಾರ. ಕೊನೆಯ ಕೆಲವು ಕ್ಷಣಗಳಿಗೆ ಮಾತ್ರವಾದರೆ ಅದು ಲಾಭವೇ.

ಇನ್ನು ಯಾರಿಗೆ ಕೊಡಬೇಕೆಂಬ ಪ್ರಶ್ನೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಗೊತ್ತಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇವತ್ತು ನೀವು ನಮ್ಮ ಗದ್ದೆಯ ನಾಟಿಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ. ಬಿಟ್‌ಟೊರೆಂಟ್‌ನಲ್ಲೂ ನಿಮಗೆ ಹೆಚ್ಚು ಕೊಡುತ್ತಿರುವ ಕೆಲವರಿಗೇ ನೀವು ಕೊಡುತ್ತೀರಿ. ಮೂಲ ವಿನ್ಯಾಸದಲ್ಲಿ ಒಮ್ಮೆಗೆ ನಾಲ್ವರಿಗೆ ಮಾತ್ರ ಅವಕಾಶ. ಯಾರು ಎಷ್ಟು ಕೊಟ್ಟರೆಂದು ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ನೋಡಿ ಪಟ್ಟಿ ಬದಲಿಸಲಾಗುತ್ತದೆ. ಬಿಟ್ಟಿಯಾಗಿ ಪಡೆಯಲು ಬಂದವರಿಗೆ ಸಿಗುವುದು ಕಡಿಮೆ.

ಹತ್ತು ಸೆಕೆಂಡೇ ಏಕೆ? ಪ್ರತಿ ಸೆಕೆಂಡಿಗೂ ಬದಲಿಸಿದರೆ ಯಾವ ಸಂಪರ್ಕವೂ ತನ್ನ ಪೂರ್ಣ ವೇಗಕ್ಕೆ ಏರುವಷ್ಟು ಹೊತ್ತು ಬಾಳುವುದಿಲ್ಲ. ಇಂಟರ್‌ನೆಟ್‌ನಲ್ಲಿ ಮಾಹಿತಿ ಸಾಗಿಸುವ ಟಿಸಿಪಿ ಎಂಬ ವಿಧಾನದ ಸಂಪರ್ಕಕ್ಕೆ ವೇಗ ಹಿಡಿಯಲು ಸಮಯ ಬೇಕು. ಅದು ವೇಗ ಹಿಡಿಯುವ ಮುನ್ನವೇ ಅಳೆದರೆ ಒಳ್ಳೆಯ ಪೀರ್ ಕೂಡ ಕೆಟ್ಟದಾಗಿ ಕಾಣುತ್ತದೆ. ಹತ್ತು ಸೆಕೆಂಡು ಸರಿಯಾಗಿ ಅಳೆಯಲು ಸಾಕು, ಬದಲಾವಣೆಗೆ ಸ್ಪಂದಿಸಲೂ ಸಾಕು.

ಕೇವಲ ಲೆಕ್ಕಾಚಾರದಲ್ಲೇ ನಡೆದರೆ ಹೊಸಬರಿಗೆ ಎಂದೂ ಅವಕಾಶ ಸಿಗದು, ನಿಮಗೂ ಇನ್ನೂ ಉತ್ತಮ ಜೊತೆಗಾರರು ಸಿಗರು. ಆದ್ದರಿಂದ ಒಂದು ಸ್ಥಾನವನ್ನು ಮಾತ್ರ ಯಾವ ಲೆಕ್ಕವನ್ನೂ ನೋಡದೆ ಯಾರಿಗಾದರೂ ಕೊಟ್ಟು ಪರೀಕ್ಷಿಸಲಾಗುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ ಅದು ಬೇರೊಬ್ಬರಿಗೆ ಹೋಗುತ್ತದೆ. ಗೊತ್ತಿರುವವರೊಂದಿಗಿನ ವಹಿವಾಟು ಮತ್ತು ಗೊತ್ತಿಲ್ಲದವರ ಮೇಲಿನ ಭರವಸೆ ಎರಡೂ ಒಂದೇ ನಿಯಮದಲ್ಲಿ ಸೇರಿವೆ. ಬಿಟ್‌ಟೊರೆಂಟ್ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದ್ದಕ್ಕೆ ಇದೊಂದು ದೊಡ್ಡ ಕಾರಣವೆಂದು ನನ್ನ ನಂಬಿಕೆ.

ಕಡೆಮ್ಲಿಯಾ: ಹಳಬರಿಗೆ ಆದ್ಯತೆ

ಪೀರ್‌ಗಳು ಒಬ್ಬರಿಗೊಬ್ಬರು ಸಿಗುವುದು ಹೇಗೆ? ಆರಂಭದಲ್ಲಿ ಬಿಟ್‌ಟೊರೆಂಟ್‌ಗೆ ಟ್ರ್ಯಾಕರ್ ಎಂಬ ಸರ್ವರ್ ಬೇಕಿತ್ತು. ಅದು ಕೆಟ್ಟರೆ ಹೊಸಬರಿಗೆ ದಾರಿಯಿಲ್ಲ. 2005ರಲ್ಲಿ ಟ್ರ್ಯಾಕರ್ ಇಲ್ಲದೆಯೂ ನಡೆಯುವ ವ್ಯವಸ್ಥೆ ಬಂತು. ಅದರ ಬುನಾದಿ, ಪೆಟಾರ್ ಮೇಮೌಂಕೋವ್ ಮತ್ತು ಡೇವಿಡ್ ಮಾಜಿಯರ್ಸ್ 2002ರಲ್ಲಿ ಪ್ರಕಟಿಸಿದ ಕಡೆಮ್ಲಿಯಾ ಎಂಬ ವಿನ್ಯಾಸ.

ಇದರಲ್ಲಿ ಪ್ರತಿ ಪೀರ್‌ಗೂ 160 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಪ್ರತಿ ಫೈಲಿಗೂ ಅಂಥದೇ ಸಂಖ್ಯೆ. ಯಾವ ಪೀರ್‌ಗಳ ಸಂಖ್ಯೆ ಫೈಲಿನ ಸಂಖ್ಯೆಗೆ ತೀರ ಹತ್ತಿರವೋ, ಆ ಫೈಲು ಯಾರಲ್ಲಿದೆ ಎಂಬ ಮಾಹಿತಿಯನ್ನು ಅವು ಇಟ್ಟುಕೊಳ್ಳುತ್ತವೆ. ಹತ್ತಿರ ಎಂಬುದನ್ನು ಎಕ್ಸ್‌ಓಆರ್ ಎಂಬ ಸರಳ ಲೆಕ್ಕದಿಂದ ಅಳೆಯುತ್ತಾರೆ: ಎರಡು ಸಂಖ್ಯೆಗಳ ಬಿಟ್‌ಗಳನ್ನು ಒಂದರ ಕೆಳಗೊಂದು ಬರೆದು, ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1 ಎಂದು ಬರೆಯುವುದು.

ನಾಲ್ಕೇ ಬಿಟ್‌ಗಳ ಪುಟ್ಟ ಉದಾಹರಣೆ ಮಾಡಿ ನೋಡೋಣ. ನೀವೂ ಕಾಗದದ ಮೇಲೆ ಬರೆದುಕೊಳ್ಳಿ. ಫೈಲಿನ ಸಂಖ್ಯೆ 6, ಅಂದರೆ 0110. ಪೀರ್ 5 ಎಂದರೆ 0101. ಹೋಲಿಸಿದರೆ 0011, ದೂರ 3. ಪೀರ್ 7 ಎಂದರೆ 0111. ಹೋಲಿಸಿದರೆ 0001, ದೂರ 1. ಪೀರ್ 12 ಎಂದರೆ 1100. ಹೋಲಿಸಿದರೆ 1010, ದೂರ 10. ಹಾಗಾಗಿ ಮಾಹಿತಿ ಮೊದಲು 7ರ ಬಳಿ, ಆಮೇಲೆ 5ರ ಬಳಿ ಇರಬೇಕು. 7 ಜಾಲ ಬಿಟ್ಟುಹೋದರೂ ಹುಡುಕುವವರು ಅದೇ ಲೆಕ್ಕದಿಂದ 5ನ್ನು ತಲುಪುತ್ತಾರೆ. ಅದಕ್ಕಾಗಿಯೇ ಮಾಹಿತಿಯನ್ನು ಒಬ್ಬರಲ್ಲಿ ಇಡದೆ ಹತ್ತಿರದ ಹಲವರಲ್ಲಿ ಇಡುತ್ತಾರೆ. ಮೂಲ ಲೇಖನ ಸೂಚಿಸಿದ್ದು ಇಪ್ಪತ್ತು ಮಂದಿಯನ್ನು. ಗಂಟೆಗೊಮ್ಮೆ ಮಾಹಿತಿಯನ್ನು ಮತ್ತೆ ಪ್ರಕಟಿಸಿ, ಹೊರಟುಹೋದವರ ಜಾಗವನ್ನು ತುಂಬಲಾಗುತ್ತದೆ.

ಪ್ರತಿ ಪೀರ್ ತನಗೆ ಹತ್ತಿರವಿರುವವರನ್ನು ಹೆಚ್ಚಾಗಿ, ದೂರದವರನ್ನು ಕೆಲವರನ್ನಷ್ಟೇ ತಿಳಿದಿರುತ್ತದೆ. ಹುಡುಕುವಾಗ ಪ್ರತಿ ಹೆಜ್ಜೆಗೂ ದೂರ ಅರ್ಧವಾಗುತ್ತ ಹೋಗುವುದರಿಂದ ಹತ್ತು ಲಕ್ಷ ಪೀರ್‌ಗಳ ಜಾಲದಲ್ಲೂ ಇಪ್ಪತ್ತರ ಆಸುಪಾಸಿನ ಹೆಜ್ಜೆಗಳು ಸಾಕು. ಕೇಳಿದ ಪೀರ್ ಒಂದು ಸತ್ತಿದ್ದರೆ ಅದಕ್ಕಾಗಿ ಕಾಯುತ್ತ ಕೂರದಿರಲು ಮೂವರನ್ನು ಒಟ್ಟಿಗೆ ಕೇಳುವುದು ರೂಢಿ.

ಕಡೆಮ್ಲಿಯಾದ ಜಾಣತನ ಇರುವುದು ಪರಿಚಿತರ ಪಟ್ಟಿಯನ್ನು ನಿಭಾಯಿಸುವುದರಲ್ಲಿ. ಪಟ್ಟಿ ತುಂಬಿದೆ, ಹೊಸ ಪೀರ್ ಒಂದು ಪರಿಚಯವಾಗಿದೆ ಎಂದುಕೊಳ್ಳಿ. ಹಳಬರನ್ನು ತೆಗೆದು ಹೊಸಬರನ್ನು ಸೇರಿಸಬೇಕೆಂದು ನಮಗೆ ಅನ್ನಿಸೀತು. ಕಡೆಮ್ಲಿಯಾ ಮಾಡುವುದು ಬೇರೆ. ಎಲ್ಲರಿಗಿಂತ ಹೆಚ್ಚು ಹೊತ್ತಿನಿಂದ ಸದ್ದಿಲ್ಲದ ಪರಿಚಿತರಿಗೆ 'ಇದ್ದೀರಾ?' ಎಂದು ಒಂದು ಸಂದೇಶ ಕಳಿಸುತ್ತದೆ. ಉತ್ತರ ಬಂದರೆ ಅವರೇ ಮುಂದುವರಿಯುತ್ತಾರೆ, ಹೊಸಬರಿಗೆ ಜಾಗವಿಲ್ಲ. ಉತ್ತರ ಬರದಿದ್ದರೆ ಮಾತ್ರ ಹೊಸಬರಿಗೆ ಜಾಗ.

ಇದಕ್ಕೆ ಆಧಾರ ನುಟೆಲ್ಲಾ ಜಾಲದ ಅದೇ ಅಳತೆಗಳು. ಪೀರ್ ಒಂದು ಎಷ್ಟು ಹೆಚ್ಚು ಹೊತ್ತು ಜಾಲದಲ್ಲಿದೆಯೋ, ಅದು ಇನ್ನೂ ಒಂದು ಗಂಟೆ ಇರುವ ಸಾಧ್ಯತೆ ಅಷ್ಟು ಹೆಚ್ಚು ಎಂದು ಅವು ತೋರಿಸಿದ್ದವು. ಬಂದವರಲ್ಲಿ ಹೆಚ್ಚಿನವರು ಬೇಗ ಹೋಗುತ್ತಾರೆ, ನಿಂತವರು ನಿಲ್ಲುತ್ತಾರೆ. ಹಳಬರನ್ನು ಉಳಿಸಿಕೊಳ್ಳುವುದೇ ಇಲ್ಲಿ ಭವಿಷ್ಯಕ್ಕೆ ಸಿದ್ಧತೆ. ಇನ್ನೊಂದು ಲಾಭವೂ ಇದೆ. ದುರುದ್ದೇಶದವರು ಸಾವಿರಾರು ಹೊಸ ಪೀರ್‌ಗಳನ್ನು ಒಟ್ಟಿಗೆ ನುಗ್ಗಿಸಿದರೂ, ಉತ್ತರ ಕೊಡುತ್ತಿರುವ ಹಳೆಯ ಪರಿಚಿತರನ್ನು ಪಟ್ಟಿಯಿಂದ ಹೊರದೂಡಲಾಗದು.

ಎಷ್ಟು ಸಲ ವಿಚಾರಿಸಬೇಕು?

ಇಲ್ಲಿಂದ ಪಾಠದ ತಿರುಳು ಶುರುವಾಗುತ್ತದೆ. 2001ರಲ್ಲಿ ಎಂಐಟಿಯ ಸಂಶೋಧಕರು ರೂಪಿಸಿದ ಕಾರ್ಡ್ ಎಂಬ ವಿನ್ಯಾಸದಲ್ಲಿ ಪೀರ್‌ಗಳು ಒಂದು ವೃತ್ತದಲ್ಲಿ ನಿಂತಂತೆ ಜೋಡಣೆಯಾಗಿರುತ್ತವೆ. ಪ್ರತಿಯೊಂದೂ ತನ್ನ ಮುಂದಿನವರು ಇದ್ದಾರೆಯೇ, ನಡುವೆ ಹೊಸಬರು ಬಂದಿದ್ದಾರೆಯೇ ಎಂದು ಆಗಾಗ ವಿಚಾರಿಸಿಕೊಳ್ಳುತ್ತದೆ. ಆಗಾಗ ಎಂದರೆ ಎಷ್ಟು? ಜಾಲ ಶಾಂತವಾಗಿರುವಾಗ ಪದೇ ಪದೇ ವಿಚಾರಿಸಿದರೆ ಬ್ಯಾಂಡ್‌ವಿಡ್ತ್ ವ್ಯರ್ಥ. ಜನ ನುಗ್ಗಿ ಹೊರಡುತ್ತಿರುವಾಗ ಅಪರೂಪಕ್ಕೆ ವಿಚಾರಿಸಿದರೆ, ಪಟ್ಟಿಯಲ್ಲಿರುವವರಲ್ಲಿ ಅನೇಕರು ಇರುವುದೇ ಇಲ್ಲ. ಹುಡುಕಾಟ ದಾರಿ ತಪ್ಪುತ್ತದೆ. ಯಾವ ಒಂದು ಅಂತರವೂ ಎಲ್ಲ ಕಾಲಕ್ಕೂ ಸರಿಹೊಂದದು. ಆದ್ದರಿಂದ ಅಂತರವನ್ನೇ ಬದಲಿಸುವ ಉಪಾಯ ಬಂತು: ಕಳೆದ ಕೆಲವು ವಿಚಾರಣೆಗಳಲ್ಲಿ ಏನೂ ಬದಲಾಗಿಲ್ಲವಾದರೆ ಅಂತರ ಹಿಗ್ಗಿಸು, ತಪ್ಪುಗಳು ಸಿಗುತ್ತಿದ್ದರೆ ಕುಗ್ಗಿಸು.

ಹಾಗಾದರೆ ತಪ್ಪು ಕಂಡ ಕೂಡಲೇ ಧಾವಿಸಿ ಸರಿಪಡಿಸುವುದೇ ಅತ್ಯುತ್ತಮವಲ್ಲವೇ? ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಹೌದೆನ್ನುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಬ್ಯಾಂಬೂ ಎಂಬ ಜಾಲವನ್ನು ಕಟ್ಟಿದ ಶಾನ್ ರೀಯಾ ಮತ್ತು ಜೊತೆಗಾರರು 2004ರಲ್ಲಿ ಬೇರೆ ಉತ್ತರ ಕೊಟ್ಟರು. ಅದನ್ನು ನಿಧಾನವಾಗಿ ನೋಡಿ. ಜಾಲದಲ್ಲಿ ದಟ್ಟಣೆ ಹೆಚ್ಚಾಗಿ ಕೆಲವು ಸಂದೇಶಗಳು ಕಳೆದುಹೋಗುತ್ತವೆ. ನೆರೆಯವರಿಂದ ಉತ್ತರ ಬರಲಿಲ್ಲ; ಅವರು ಸತ್ತರೆಂದು ನೀವು ತಿಳಿಯುತ್ತೀರಿ. ಕೂಡಲೇ ಎಲ್ಲರಿಗೂ ಸುದ್ದಿ ಕಳಿಸಿ ಪಟ್ಟಿ ಸರಿಪಡಿಸಲು ತೊಡಗುತ್ತೀರಿ. ಆ ಸಂದೇಶಗಳಿಂದ ದಟ್ಟಣೆ ಇನ್ನಷ್ಟು ಹೆಚ್ಚುತ್ತದೆ. ಇನ್ನಷ್ಟು ಉತ್ತರಗಳು ಕಳೆದುಹೋಗುತ್ತವೆ. ಬದುಕಿರುವ ಇನ್ನೂ ಹಲವರು ಸತ್ತಂತೆ ಕಾಣುತ್ತಾರೆ. ಇನ್ನಷ್ಟು ದುರಸ್ತಿ, ಇನ್ನಷ್ಟು ದಟ್ಟಣೆ. ಕೊನೆಗೆ ಜಾಲವನ್ನು ಕೆಡಿಸುವುದು ದುರಸ್ತಿಯ ಕೆಲಸವೇ.

ಅವರು ಸೂಚಿಸಿದ ದಾರಿ ಸಂಯಮದ್ದು. ಘಟನೆ ನಡೆದೊಡನೆ ಎಲ್ಲರಿಗೂ ಸಾರುವ ಬದಲು, ನಿಯತ ಅಂತರದಲ್ಲಿ ಯಾರಾದರೂ ಒಬ್ಬ ನೆರೆಯವರೊಂದಿಗೆ ಪಟ್ಟಿ ವಿನಿಮಯ ಮಾಡಿಕೊಳ್ಳುವುದು. ಎಷ್ಟೇ ಮಂದಿ ಹೋಗಲಿ ಬರಲಿ, ದುರಸ್ತಿಯ ಖರ್ಚು ಒಂದು ಮಿತಿ ಮೀರದು. ಜೊತೆಗೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಎಲ್ಲರಿಗೂ ಒಂದೇ ಎಂದು ಗೊತ್ತುಮಾಡದೆ, ಪ್ರತಿ ನೆರೆಯವರ ಹಿಂದಿನ ಉತ್ತರಗಳು ಎಷ್ಟು ಹೊತ್ತು ತೆಗೆದುಕೊಂಡಿದ್ದವು, ಎಷ್ಟು ಏರುಪೇರಾಗಿದ್ದವು ಎಂಬ ಲೆಕ್ಕದಿಂದ ನಿರ್ಧರಿಸುವುದು. ನಿಧಾನವಾಗಿರುವವರನ್ನು ಸತ್ತವರೆಂದು ತಪ್ಪು ತಿಳಿಯದಿರಲು ಇದೊಂದೇ ದಾರಿಯಲ್ಲ, ಆದರೆ ಬಹಳ ಒಳ್ಳೆಯ ದಾರಿ.

ನೀವು ಈ ಲೇಖನದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬದಲಾವಣೆಗೆ ಸ್ಪಂದಿಸುವುದು ಹೊಂದಾಣಿಕೆಯ ಅರ್ಧ ಭಾಗ ಮಾತ್ರ. ಎಷ್ಟು ಸ್ಪಂದಿಸಬೇಕು, ಎಲ್ಲಿ ತಡೆದುಕೊಳ್ಳಬೇಕು ಎಂಬುದು ಉಳಿದರ್ಧ.

ದಾರಿ ಬಿಟ್ಟುಕೊಡುವುದೂ ಹೊಂದಾಣಿಕೆಯೇ

ಈ ತಡೆದುಕೊಳ್ಳುವ ಗುಣಕ್ಕೆ ಮನೆಮನೆಯಲ್ಲೂ ಕಾಣಸಿಗುವ ಉದಾಹರಣೆಯಿದೆ. ಮನೆಯಲ್ಲಿ ಒಬ್ಬರು ಟೊರೆಂಟ್ ಹಚ್ಚಿದರೆ ಇನ್ನೊಬ್ಬರ ವೀಡಿಯೊ ಕರೆ ತಡವರಿಸುತ್ತಿತ್ತು. ಅಪ್‌ಲೋಡ್ ಆಗುವ ಚೂರುಗಳೆಲ್ಲ ರೂಟರ್‌ನ ಮುಂದೆ ಸಾಲುಗಟ್ಟಿ, ಕರೆಯ ಮಾತುಗಳು ಆ ಸಾಲಿನ ಹಿಂದೆ ನಿಲ್ಲುತ್ತಿದ್ದುದೇ ಕಾರಣ. ಇದಕ್ಕೆ ಪರಿಹಾರವಾಗಿ ಬಂದದ್ದು ಟೊರೆಂಟ್ ಚೂರುಗಳನ್ನು ಸಾಗಿಸುವ ಯುಟಿಪಿ ಎಂಬ ವಿಧಾನ. ಅದರ ಹಿಂದಿನ ವಿಧಾನ ಲೆಡ್‌ಬ್ಯಾಟ್ ಎಂಬ ಹೆಸರಿನಲ್ಲಿ 2012ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 6817 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಹೊರಬಂತು.

ಅದು ಕೆಲಸ ಮಾಡುವ ಬಗೆ ಹೀಗೆ. ಕಳಿಸಿದ ಚೂರುಗಳು ತಲುಪಲು ತೆಗೆದುಕೊಂಡ ಅತಿ ಕಡಿಮೆ ಸಮಯವನ್ನು ದಾರಿ ಖಾಲಿಯಿದ್ದಾಗಿನ ಸಮಯವೆಂದು ಹಿಡಿಯುತ್ತದೆ. ಈಗ ಅದಕ್ಕಿಂತ ಎಷ್ಟು ಹೆಚ್ಚಾಗುತ್ತಿದೆಯೋ ಅದು ಸಾಲಿನಲ್ಲಿ ಕಾದ ಹೊತ್ತು. ಆ ಕಾಯುವಿಕೆ 100 ಮಿಲಿಸೆಕೆಂಡಿನ ಗುರಿಯನ್ನು ದಾಟಿದರೆ ತನ್ನ ವೇಗ ಇಳಿಸುತ್ತದೆ, ಕಡಿಮೆಯಿದ್ದರೆ ಏರಿಸುತ್ತದೆ. ಬೇರೆ ಯಾರೂ ಬಳಸದಿರುವಾಗ ಪೂರ್ತಿ ಸಂಪರ್ಕವನ್ನು ಬಳಸಿಕೊಂಡು, ಇನ್ನೊಬ್ಬರು ಬಂದೊಡನೆ ಪಕ್ಕಕ್ಕೆ ಸರಿಯುತ್ತದೆ. ರೂಟರ್ ಏನನ್ನೂ ಹೇಳುವುದಿಲ್ಲ. ತನ್ನ ಸಂದೇಶಗಳ ಪ್ರಯಾಣದ ಸಮಯದಿಂದಲೇ ಪೀರ್ ಎಲ್ಲವನ್ನೂ ಊಹಿಸಿಕೊಳ್ಳುತ್ತದೆ.

ಎಲ್ಲರೂ ಒಟ್ಟಿಗೆ ಹೊರಟುಹೋದಾಗ

ಇಷ್ಟೆಲ್ಲ ಇದ್ದೂ ಜಾಲ ಬೀಳುವುದುಂಟು. 2003ರಲ್ಲಿ ಶುರುವಾದ ಸ್ಕೈಪ್ ಮೊದಲ ವರ್ಷಗಳಲ್ಲಿ ಪೀರ್-ಟು-ಪೀರ್ ಜಾಲವಾಗಿತ್ತು. ಬಳಕೆದಾರರ ಕಂಪ್ಯೂಟರುಗಳಲ್ಲೇ ಶಕ್ತವಾದವು ಸೂಪರ್‌ನೋಡ್‌ಗಳಾಗಿ ಉಳಿದವರಿಗೆ ದಾರಿ ತೋರಿಸುತ್ತಿದ್ದವು. 2007ರ ಆಗಸ್ಟ್ 16ರಂದು, ವಿಂಡೋಸ್ ಅಪ್‌ಡೇಟ್ ಪಡೆದ ಅಪಾರ ಸಂಖ್ಯೆಯ ಕಂಪ್ಯೂಟರುಗಳು ಸ್ವಲ್ಪ ಹೊತ್ತಿನ ಅಂತರದಲ್ಲಿ ರೀಸ್ಟಾರ್ಟ್ ಆದವು. ಸೂಪರ್‌ನೋಡ್‌ಗಳೂ ಹೋದವು, ಮರಳಿ ಬಂದವರೆಲ್ಲ ಒಟ್ಟಿಗೆ ಲಾಗಿನ್ ಆಗಲು ಮುಗಿಬಿದ್ದರು. ಜಾಲ ತನ್ನನ್ನು ತಾನು ಸರಿಪಡಿಸಿಕೊಳ್ಳುವ ವಿಧಾನದಲ್ಲಿ ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ದೋಷವೊಂದು ಆಗ ಹೊರಬಿತ್ತು. ಸ್ಕೈಪ್ ಸುಮಾರು ಎರಡು ದಿನ ಸರಿಯಾಗಿ ನಡೆಯಲಿಲ್ಲ. 2010ರ ಡಿಸೆಂಬರ್‌ನಲ್ಲಿ ವಿಂಡೋಸ್‌ಗಾಗಿ ಬಂದ ಅದರ ಒಂದು ಆವೃತ್ತಿಯ ದೋಷದಿಂದ ಸೂಪರ್‌ನೋಡ್‌ಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಬಿದ್ದವು. ಉಳಿದವುಗಳ ಮೇಲೆ ಹೊರೆ ಹೆಚ್ಚಿ ಅವೂ ಹಿಂದೆ ಸರಿದವು.

ಸಾವಿರ ಕಂಪ್ಯೂಟರುಗಳು ತಮ್ಮ ತಮ್ಮ ಕಾರಣಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋದರೆ ಜಾಲ ತಾಳುತ್ತದೆ. ಒಂದೇ ಕಾರಣಕ್ಕೆ ಒಂದೇ ಹೊತ್ತಿಗೆ ಹೋದರೆ, ಬೇರೆ ಬೇರೆ ಕಡೆ ಇಟ್ಟ ಪ್ರತಿಗಳೂ ಒಟ್ಟಿಗೇ ಹೋಗುತ್ತವೆ. ಇಲ್ಲಿಯವರೆಗೆ ನೋಡಿದ ಉಪಾಯಗಳೆಲ್ಲ ಮೊದಲ ಬಗೆಯ ಕಷ್ಟಕ್ಕೆ ತಕ್ಕವು. ಎರಡನೆಯದಕ್ಕೆ ತಕ್ಕ ಸಿದ್ಧತೆ ಎಂದರೆ ಪೀರ್‌ಗಳಲ್ಲಿ ವೈವಿಧ್ಯ: ಎಲ್ಲರೂ ಒಂದೇ ತಂತ್ರಾಂಶದ ಒಂದೇ ಆವೃತ್ತಿಯನ್ನು ನಂಬಿಕೊಂಡಿರಬಾರದು. ಸ್ಕೈಪ್‌ನ ಸೂಪರ್‌ನೋಡ್‌ಗಳನ್ನು 2012ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಸರ್ವರ್‌ಗಳಿಗೆ ವರ್ಗಾಯಿಸಿತು.

ದೊಡ್ಡ ಆಘಾತವನ್ನು ತಾಳಿಕೊಂಡ ಜಾಲವೂ ಇದೆ. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಜಾಲದಲ್ಲಿ ಯಂತ್ರಗಳು ಒಂದು ಕಠಿಣ ಲೆಕ್ಕ ಬಿಡಿಸಿದಾಗ ವಹಿವಾಟುಗಳ ಹೊಸ ಬ್ಲಾಕ್, ಅಂದರೆ ಕಂತೆ, ಸಿದ್ಧವಾಗುತ್ತದೆ; ಅದು ಸರಾಸರಿ ಹತ್ತು ನಿಮಿಷಕ್ಕೊಂದು ಬರಬೇಕು. ಲೆಕ್ಕ ಬಿಡಿಸುವ ಯಂತ್ರಗಳು ಹೆಚ್ಚಿದರೆ ಬೇಗ ಬರುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಅದಕ್ಕಾಗಿ 2016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಪ್ರತಿ ಕಂಪ್ಯೂಟರೂ ಒಂದೇ ಸೂತ್ರದಿಂದ ಲೆಕ್ಕದ ಕಷ್ಟವನ್ನು ಮರುಹೊಂದಿಸುತ್ತದೆ. ಒಮ್ಮೆಗೆ ನಾಲ್ಕು ಪಟ್ಟಿಗಿಂತ ಹೆಚ್ಚು ಬದಲಾಗದಂತೆ ಮಿತಿಯೂ ಇದೆ. 2021ರಲ್ಲಿ ಚೀನಾ ಇಂಥ ಯಂತ್ರಗಳ ಮೇಲೆ ನಿರ್ಬಂಧ ಹೇರಿದಾಗ ಜಾಲದ ದೊಡ್ಡ ಭಾಗವೇ ಕಳಚಿಹೋಯಿತು. ಬ್ಲಾಕ್‌ಗಳು ತಡವಾದವು. ಜುಲೈ 3ರಂದು ಕಷ್ಟದ ಮಟ್ಟ ಸುಮಾರು ಶೇಕಡಾ 28ರಷ್ಟು ಇಳಿಯಿತು, ಅಲ್ಲಿಯವರೆಗಿನ ಅತಿ ದೊಡ್ಡ ಇಳಿಕೆ. ಯಾರೂ ಸಭೆ ಸೇರಿ ನಿರ್ಧರಿಸಲಿಲ್ಲ. ಬಿಟ್‌ಕಾಯಿನ್‌ನಲ್ಲಿ ಹಣ ಹೂಡುವುದು ಸರಿಯೇ ಎಂಬುದು ಬೇರೆ ಚರ್ಚೆ. ನಮ್ಮ ಪಾಠಕ್ಕೆ ಬೇಕಾದ ಅಂಶವೆಂದರೆ, ಎರಡು ವಾರದ ಆ ಕಾಯುವಿಕೆ ಬೇಕೆಂದೇ ಇಟ್ಟದ್ದು. ಗಂಟೆಗೊಮ್ಮೆ ಬದಲಿಸಿದರೆ ಆಕಸ್ಮಿಕ ಏರುಪೇರನ್ನೂ ನಿಜವಾದ ಬದಲಾವಣೆಯೆಂದು ಜಾಲ ತಪ್ಪು ತಿಳಿಯುತ್ತಿತ್ತು.

ಮುಂದೆ ಓದುವವರಿಗೆ

ಈ ಜಾಲಗಳಿಗೆ ಸಾಧ್ಯವಾಗದ್ದೂ ಇದೆ, ಅದನ್ನು ಮುಚ್ಚಿಡಬಾರದು. ಒಂದು ಫೈಲಿನ ಕೊನೆಯ ಪೂರ್ಣ ಪ್ರತಿ ಇದ್ದವರು ಹೊರಟುಹೋಗಿ, ಉಳಿದವರಲ್ಲಿ ಒಂದು ತುಣುಕು ಯಾರ ಬಳಿಯೂ ಇಲ್ಲವಾದರೆ ಯಾವ ಜಾಣ ಸೂತ್ರವೂ ಅದನ್ನು ಮರಳಿ ತರಲಾರದು. ಒಬ್ಬನೇ ಸಾವಿರ ಹೆಸರುಗಳಲ್ಲಿ ಬಂದು ಬಹುಮತ ನಟಿಸಿದರೆ ಅದನ್ನು ಕೇಂದ್ರವಿಲ್ಲದೆ ಪೂರ್ತಿ ತಡೆಯುವುದು ಎಷ್ಟು ಕಠಿಣವೆಂದು ಜಾನ್ ಡೌಸರ್ 2002ರಲ್ಲೇ ತೋರಿಸಿದ್ದಾರೆ. ಜಾಲ ಬಾಳುವುದು ಜನ ಕೊಡಲು ಸಿದ್ಧರಿರುವಷ್ಟು ಕಾಲ ಮಾತ್ರ. ಆದ್ದರಿಂದ ನಿಮ್ಮ ಡೌನ್‌ಲೋಡ್ ಮುಗಿದ ಮೇಲೂ ಟೊರೆಂಟನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಡಿ. ಮುಂದೆ ಬರುವವರಿಗೆ ಅದರಿಂದ ನಿಜವಾದ ಉಪಕಾರವಾಗುತ್ತದೆ.

ಇನ್ನು ಮುಂದೆ ಯಾವುದೇ ಹೊಸ ಪೀರ್-ಟು-ಪೀರ್ ಜಾಲದ ಬಗ್ಗೆ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಪ್ರತಿ ಪೀರ್ ಏನನ್ನು ತಾನೇ ಅಳೆಯುತ್ತದೆ? ಆ ಅಳತೆಯ ಮೇಲೆ ಎಷ್ಟು ಹೊತ್ತಿಗೊಮ್ಮೆ ನಿರ್ಧಾರ ಬದಲಿಸುತ್ತದೆ? ಆ ಬದಲಾವಣೆಯನ್ನು ಮಿತಿಯಲ್ಲಿಡುವುದು ಯಾವುದು? ಬಿಟ್‌ಟೊರೆಂಟ್‌ಗೆ ಉತ್ತರ ಹೀಗಿದೆ: ಬರುತ್ತಿರುವ ವೇಗ, ಹತ್ತು ಸೆಕೆಂಡು, ಕೆಲವೇ ಸ್ಥಾನಗಳು. ಬಿಟ್‌ಕಾಯಿನ್‌ಗೆ: ಬ್ಲಾಕ್‌ಗಳ ಸಮಯ, ಎರಡು ವಾರ, ನಾಲ್ಕು ಪಟ್ಟು. ಕಡೆಮ್ಲಿಯಾ ಮತ್ತು ಯುಟಿಪಿಗೆ ಉತ್ತರಗಳನ್ನು ಮೇಲಿನ ಪುಟಗಳಿಂದ ನೀವೇ ಹುಡುಕಿ ಬರೆಯಿರಿ. ಅದು ಸರಾಗವಾಗಿ ಬಂದರೆ ಈ ವಿಷಯದ ಪ್ರಬಂಧಗಳನ್ನು ನೇರವಾಗಿ ಓದಲು ನೀವು ಸಿದ್ಧರಾಗಿದ್ದೀರಿ ಎಂದೇ ಅರ್ಥ. ಕೋಹೆನ್ 2003ರಲ್ಲಿ ಬಿಟ್‌ಟೊರೆಂಟ್ ಬಗ್ಗೆ ಬರೆದ ಚಿಕ್ಕ ಪ್ರಬಂಧದಿಂದ ಶುರುಮಾಡಿ.